ಐವತ್ತೇಳನೆಯ ಪ್ರಶ್ನೆ

೨೦೨೨ರ ಜೂನ್ ತಿಂಗಳಲ್ಲಿ ನಾನು ಚನ್ನಪಟ್ಟಣದ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿಯಾಗಿದ್ದೆ. ಐದನೆಯ ತರಗತಿ ನನ್ನದು. ಸೇವೆಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಪಾಠದ ಜೊತೆಗೆ ಯಾರೂ ವಹಿಸದ ಇನ್ನೊಂದು ಕೆಲಸವನ್ನು ನಾನೇ ತಲೆಯ ಮೇಲೆ ಹೊತ್ತುಕೊಂಡಿದ್ದೆ. ಆರನೆಯ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಪ್ರತಿವರ್ಷ ಐದಾರು ಮಕ್ಕಳನ್ನು ತಯಾರು ಮಾಡುವುದು ಆ ಕೆಲಸ.

ಆ ಪರೀಕ್ಷೆಯನ್ನು ಒಂದು ಮಗು ಬದುಕಿನಲ್ಲಿ ಒಂದೇ ಸಲ ಬರೆಯಬಹುದು. ಎರಡು ಗಂಟೆ, ಎಂಬತ್ತು ಪ್ರಶ್ನೆ. ಉತ್ತರವನ್ನು ವಾಕ್ಯದಲ್ಲಿ ಬರೆಯುವಂತಿಲ್ಲ. ಓಎಂಆರ್ ಶೀಟ್ ಎಂಬ ಹಾಳೆ ಕೊಡುತ್ತಾರೆ. ಪ್ರತಿ ಪ್ರಶ್ನೆಯ ಸಂಖ್ಯೆಯ ಮುಂದೆ ನಾಲ್ಕು ವೃತ್ತಗಳಿರುತ್ತವೆ. ಸರಿಯಾದ ಒಂದನ್ನು ಪೆನ್ನಿನಲ್ಲಿ ಕಪ್ಪಾಗಿ ತುಂಬಬೇಕು. ಓದುವುದು ಮನುಷ್ಯರಲ್ಲ, ಯಂತ್ರ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹತ್ತು ವರ್ಷದ ಮಗುವಿನ ಕೈಯಲ್ಲಿ ಈ ಹಾಳೆಯನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ.

ಅದಕ್ಕೆ ಕಾರಣವಿದೆ. ಹಿಂದಿನ ವರ್ಷ ಕಾವ್ಯ ಎಂಬ ನನ್ನ ವಿದ್ಯಾರ್ಥಿನಿ ಒಂದು ಪ್ರಶ್ನೆ ಬಾರದೆ ಬಿಟ್ಟು ಮುಂದೆ ಹೋದಳು. ಹಾಳೆಯಲ್ಲಿ ಮಾತ್ರ ಆ ಸಾಲನ್ನು ಬಿಡಲು ಮರೆತಳು. ಅಲ್ಲಿಂದಾಚೆಗೆ ಅವಳ ಉತ್ತರಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿದುಬಿಟ್ಟವು. ಕೊನೆಯ ಪ್ರಶ್ನೆ ಮುಗಿದಾಗ ಎಂಬತ್ತನೆಯ ಸಾಲು ಖಾಲಿ ಉಳಿದಿರುವುದನ್ನು ನೋಡಿಯೇ ಅವಳಿಗೆ ಗೊತ್ತಾದದ್ದು. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಸರಿಯುತ್ತರ ಗೊತ್ತಿದ್ದೂ ಆ ಹುಡುಗಿ ಆಯ್ಕೆಯಾಗಲಿಲ್ಲ. ಅವಳ ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮಾಗಡಿ ಕಡೆಯವಳು. ಅಮ್ಮ ರಾಮನಗರದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕುದಿನೀರಿನಿಂದ ಗೂಡಿನ ಎಳೆ ತೆಗೆಯುತ್ತಿದ್ದಳು. ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವಳು. ಕೆಲಸ ಮಾಡುತ್ತಲೇ ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿ, ಒಂದು ಪೇಪರು ಹೋಗಿ, ಮತ್ತೆ ಕಟ್ಟಿ ಪಾಸಾದವಳು. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪರೀಕ್ಷೆ ಹತ್ತಿ ಮೇಲೆ ಬಂದವರಿಗೆ ಪರೀಕ್ಷೆಯ ಭಯ ಒಂದು ಹಿಡಿ ಹೆಚ್ಚೇ ಇರುತ್ತದೆ. ಅದು ನನ್ನ ಒಳಗೇ ಇದೆ ಅಂದುಕೊಂಡಿದ್ದೆ. ಹೊರಗೆ ಹರಿಯುತ್ತಿರುವುದು ಕಂಡಿರಲಿಲ್ಲ.

ಆ ವರ್ಷ ನನ್ನ ತರಗತಿಗೆ ಬಂದವಳು ಜೀನತ್. ಅವಳ ಅಪ್ಪ ಅನ್ವರ್ ಗೊಂಬೆ ಮಾಡುವವರು. ಹಾಲೆ ಮರದ ತುಂಡನ್ನು ತಿರುಗುವ ಲೇತಿಗೆ ಕಟ್ಟಿ ಕಡೆದು ಅರಗಿನ ಬಣ್ಣ ಹತ್ತಿಸುತ್ತಿದ್ದರು. ತಾಯಿ ಶಾಹಿದಾ ಮನೆಯಲ್ಲೇ ಕುಳಿತು ಆ ಗೊಂಬೆಗಳಿಗೆ ಕಣ್ಣು, ಹುಬ್ಬು, ಗುಂಡಿ ಬರೆಯುತ್ತಿದ್ದರು. ದೊಡ್ಡ ಮಗಳು ನಸ್ರೀನ್ ಏಳನೆಯ ತರಗತಿಗೆ ಶಾಲೆ ಬಿಟ್ಟು ತಾಯಿಯ ಪಕ್ಕ ಕುಂಚ ಹಿಡಿದು ಕುಳಿತಿದ್ದಳು.

ಗುಂಪಿಗೆ ಸೇರದ ಚಿತ್ರವನ್ನು ಗುರುತಿಸುವ ಪ್ರಶ್ನೆಗಳಲ್ಲಿ ಜೀನತ್‌ಗೆ ಎಣೆ ಇರಲಿಲ್ಲ. ನಾಲ್ಕು ಆಕೃತಿ ತೋರಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಬೆರಳಿಡುತ್ತಿದ್ದಳು.

"ಹೆಂಗೆ ಗೊತ್ತಾಯ್ತೇ?" ಎಂದರೆ, "ಇದು ರಿಜೆಕ್ಟ್ ಪೀಸು ಮಿಸ್. ಇದ್ರ ಮೂಗು ಆ ಕಡೆ ತಿರ್ಗೈತೆ," ಎನ್ನುವಳು.

ಅರ್ಜಿ ತುಂಬಲು ಅವರ ಮನೆಗೆ ಹೋದೆ. ಅನ್ವರ್ ನಕ್ಕು, "ನಾನು ಐದನೇ ಕ್ಲಾಸಲ್ಲೇ ಸ್ಟಾಪು ಮಿಸ್. ನನ್ನ ದಾಟ್ಬುಟ್ರೆ ಸಾಕು," ಎಂದರು. ಶಾಹಿದಾ ನಗಲಿಲ್ಲ. ದೊಡ್ಡ ಮಗಳ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದರು: "ಅವಳನ್ನ ಕೂರಿಸ್ಕೊಂಡ್ಬುಟ್ಟೆ ಮಿಸ್. ಇವಳಾದ್ರೂ ಏಳ್ಲಿ."

ಆ ಮಾತಿನ ನಂತರ ನನಗೆ ಈ ಪರೀಕ್ಷೆ ಇತರ ವರ್ಷಗಳ ಪರೀಕ್ಷೆಯಂತೆ ಇರಲಿಲ್ಲ.

ಡಿಸೆಂಬರಿನಲ್ಲಿ ಗಡಿಯಾರ ಇಟ್ಟು ಮೊದಲ ಮಾದರಿ ಪರೀಕ್ಷೆ ನಡೆಸಿದೆ. ಎರಡು ಗಂಟೆ ಮುಗಿದಾಗ ಜೀನತ್‌ಳ ಓಎಂಆರ್ ಹಾಳೆಯಲ್ಲಿ ಮೂವತ್ತನಾಲ್ಕೇ ವೃತ್ತಗಳು ತುಂಬಿದ್ದವು. ಉಳಿದದ್ದು ಬಿಳಿ. ಪ್ರಶ್ನೆಪತ್ರಿಕೆ ತೆರೆದು ನೋಡಿದರೆ ಎಪ್ಪತ್ತಾರು ಉತ್ತರಗಳಿಗೆ ಅಲ್ಲೇ ಟಿಕ್ ಹಾಕಿಟ್ಟಿದ್ದಾಳೆ, ಹೆಚ್ಚಿನವು ಸರಿ! ಇನ್ನು ತುಂಬಿದ ವೃತ್ತಗಳೋ, ಗೆರೆಯಿಂದ ಒಂದು ಕೂದಲೆಳೆಯೂ ಹೊರಗೆ ಹೋಗದಂತೆ ಗುಂಡಗೆ, ಗೊಂಬೆಯ ಕಣ್ಣಿನಂತೆ ಇದ್ದವು.

"ಉತ್ತರ ಗೊತ್ತಿದ್ರೂ ಯಾಕೆ ತುಂಬ್ಲಿಲ್ಲ?"

"ಎಲ್ಲಾ ಆರಿಸ್ಕೊಂಡು ಆಮೇಲೆ ಒಂದೇ ಸತಿ ಬಣ್ಣ ಹಾಕ್ಬೇಕಲ್ವ ಮಿಸ್? ಒಂದೊಂದಕ್ಕೂ ಕುಂಚ ಎತ್ತಿ ಇಕ್ಕಿದ್ರೆ ಅಮ್ಮಿ ಬಯ್ತಾಳೆ."

ಆಗ ಅರ್ಥವಾಯಿತು. ಅವರ ಮನೆಯಲ್ಲಿ ಕೆಲಸ ನಡೆಯುವುದೇ ಹಾಗೆ. ಮೊದಲು ಅಷ್ಟೂ ಗೊಂಬೆಗಳನ್ನು ಆರಿಸಿ ಜೋಡಿಸಬೇಕು. ಆಮೇಲೆ ಎಲ್ಲದಕ್ಕೂ ಕಪ್ಪು, ಆಮೇಲೆ ಎಲ್ಲದಕ್ಕೂ ಕೆಂಪು. ಕೆಲಸಗಾರರಿಗೆ ಅದು ಜಾಣತನ. ಪರೀಕ್ಷೆಯಲ್ಲಿ ಅದೇ ಮುಳುಗಿಸುತ್ತದೆ.

ನಾನು ಹೆದರಿದೆ. ಹೆದರಿದವರು ಮಾಡುವುದನ್ನೇ ಮಾಡಿದೆ. ಶಾಹಿದಾ ಅವರನ್ನು ಶಾಲೆಗೆ ಕರೆಸಿ, "ಪರೀಕ್ಷೆ ಮುಗಿಯೋವರೆಗೆ ಇವಳ ಕೈಗೆ ಕುಂಚ ಕೊಡಬೇಡಿ. ಆ ಅಭ್ಯಾಸವೇ ಹೋಗಬೇಕು," ಎಂದೆ. ಅವರು ತಲೆಯಾಡಿಸಿದರು. ಜೀನತ್‌ಗೆ ದಿನವೂ ಸಂಜೆ ನಾಲ್ಕೂವರೆಯಿಂದ ಆರರವರೆಗೆ ನಾನೇ ಎದುರು ಕುಳಿತು ಒಂದು ಪ್ರಶ್ನೆ, ಒಂದು ವೃತ್ತ, ಮತ್ತೆ ಒಂದು ಪ್ರಶ್ನೆ, ಒಂದು ವೃತ್ತ ಎಂದು ಅಭ್ಯಾಸ ಮಾಡಿಸಿದೆ. ಕಾವ್ಯಳ ಕತೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. "ಸಾಲು ತಪ್ಪಿದ್ರೆ ಮುಗೀತು" ಎಂಬುದು ನನ್ನ ಬಾಯಿಪಾಠವಾಗಿತ್ತು. ಅವಳು ಬೇಗ ಕಲಿತಳು. ಆದರೆ ಚಿತ್ರ ನೋಡಿ "ರಿಜೆಕ್ಟ್ ಪೀಸು" ಎನ್ನುವುದನ್ನು ನಿಲ್ಲಿಸಿದ್ದಳು. ಪೆನ್ನು ಎತ್ತುವ ಮುಂಚೆ ನನ್ನ ಮುಖ ನೋಡುತ್ತಿದ್ದಳು. ಅದು ಶ್ರದ್ಧೆ ಎಂದು ತಿಳಿದೆ.

ಮುಖ್ಯೋಪಾಧ್ಯಾಯರಾದ ಪುಟ್ಟಸ್ವಾಮಿಯವರು ಒಂದು ದಿನ ಬಾಗಿಲಲ್ಲಿ ನಿಂತು, "ಏನ್ ಮೇಡಂ, ಪರೀಕ್ಷೆ ಮಗೂಗೋ ನಿಮಗೋ? ಒಸಿ ನೀರು ಕುಡ್ಕಳಿ," ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಪರೀಕ್ಷೆ ಬಂದದ್ದು ಜನವರಿಯ ಒಂದು ಶನಿವಾರ, ರಾಮನಗರದ ಒಂದು ಹೈಸ್ಕೂಲಿನಲ್ಲಿ. ಹನ್ನೊಂದೂವರೆಗೆ ಶುರು. ಅನ್ವರ್ ಲೇತು ನಿಲ್ಲಿಸಿ ಮಗಳನ್ನು ಕರೆತಂದಿದ್ದರು. ಗೇಟಿನ ಒಳಗೆ ಹೋಗುವ ಮುಂಚೆ ನಾನು ಅವಳ ಕೈ ಹಿಡಿದು ಕೊನೆಯದಾಗಿ ಹೇಳಿದ್ದು, "ಸಾಲು ತಪ್ಪಬಾರ್ದು. ತಪ್ಪಿದ್ರೆ ಮುಗೀತು." ಅವಳ ಅಂಗೈ ಒದ್ದೆಯಾಗಿತ್ತು. ನನ್ನದೂ.

ಎರಡು ಗಂಟೆ ಕಾಲ ಗೋಡೆಯ ಪಕ್ಕ ನಿಂತಿದ್ದೆ. ಅನ್ವರ್ ಕಡಲೆಕಾಯಿ ತಂದು, "ತಗಳಿ ಮಿಸ್, ನಿಮ್ಮ ಮುಖ ನೋಡಿ ನಂಗೇ ಭಯ ಆಗ್ತೈತೆ," ಎಂದರು. ಕೈಗೆ ತೆಗೆದುಕೊಂಡೆ, ತಿನ್ನಲಾಗಲಿಲ್ಲ.

ಒಂದೂವರೆಗೆ ಗಂಟೆ ಹೊಡೆಯಿತು. ಮಕ್ಕಳ ಸಾಲಿನಲ್ಲಿ ಜೀನತ್ ಬರುವುದು ಕಂಡ ಕೂಡಲೇ ನಾನೇ ಮುಂದೆ ನುಗ್ಗಿದೆ.

"ಎಲ್ಲಾ ಬಂತಾ?"

"ಬಂತು ಮಿಸ್. ಐವತ್ತೇಳನೇದು ಬರ್ಲಿಲ್ಲ. ಬಿಟ್ಬುಟ್ಟೆ."

"ಆಮೇಲೆ? ಕೊನೇ ಸಾಲು?"

"ಎಂಬತ್ತನೇದು ಖಾಲಿ ಐತೆ."

ಒಂದು ಪ್ರಶ್ನೆ ಬಿಟ್ಟಿದ್ದಾಳೆ, ಕೊನೆಯ ಸಾಲು ಖಾಲಿ. ಥೇಟ್ ಕಾವ್ಯಳದ್ದೇ. ಐವತ್ತೆಂಟನೆಯ ಉತ್ತರ ಐವತ್ತೇಳರ ಸಾಲಿನಲ್ಲಿ ಬಿದ್ದಿದ್ದರೆ ಅಲ್ಲಿಂದ ಮುಂದಿನ ಅಷ್ಟೂ ತಪ್ಪು. ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದೆ. "ಐವತ್ತೇಳರ ಸಾಲು ಖಾಲಿ ಬಿಟ್ಯಾ? ಹೇಳೇ! ಬಿಟ್ಯಾ ಇಲ್ವಾ?" ನನ್ನ ದನಿ ಎಷ್ಟು ಏರಿತ್ತೆಂದರೆ ಸುತ್ತಲಿದ್ದವರು ತಿರುಗಿ ನೋಡಿದರು.

ಜೀನತ್ ನನ್ನ ಕೈ ಬಿಡಿಸಿಕೊಂಡಳು. ಅಪ್ಪನ ಹಿಂದೆ ಹೋಗಿ ನಿಂತುಬಿಟ್ಟಳು. ಬಸ್ಸಿನಲ್ಲಿ ಚನ್ನಪಟ್ಟಣದವರೆಗೂ ಅವಳು ಕಿಟಕಿ ಕಡೆಯೇ ನೋಡುತ್ತಿದ್ದಳು. ಅನ್ವರ್ ಒಂದೇ ಸಲ ಕೇಳಿದರು, "ಏನಾಯ್ತು ಮಿಸ್?" ನಾನು, "ಏನಿಲ್ಲ, ಚೆನ್ನಾಗೇ ಬರ್ದಿದ್ದಾಳೆ," ಎಂದೆ. ಅದು ಸುಳ್ಳು. ಭಯಕ್ಕೆ ಹೇಳಿದ ಸುಳ್ಳು.

ಮುಂದಿನ ವಾರ ಅವಳು ಶಾಲೆಗೆ ಬರಲಿಲ್ಲ. ಜ್ವರ ಎಂದು ಅಕ್ಕ ಬಂದು ಹೇಳಿಹೋದಳು. ಬಂದ ಮೇಲೂ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ನಾನು ಹತ್ತಿರ ಹೋದರೆ ಪೆನ್ನು ಕೆಳಗಿಡುವಳು. ಪ್ರಶ್ನೆಪತ್ರಿಕೆಯನ್ನು ಕೇಂದ್ರದಲ್ಲೇ ವಾಪಸ್ ತೆಗೆದುಕೊಂಡಿದ್ದರಿಂದ ನೋಡಿ ತಿಳಿಯುವ ದಾರಿಯೂ ಇರಲಿಲ್ಲ. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಹಾಜರಿ ಕರೆಯುವಾಗ ನನ್ನ ತಲೆಯಲ್ಲಿ ಒಂದೇ ಎಣಿಕೆ. ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು. ಅವಳಿಗೆ ಸಾಲು ತಪ್ಪಿಸಿದ್ದು ನನ್ನ ಹೊಸ ಅಭ್ಯಾಸವೇ ಇರಬಹುದಲ್ಲವೇ? ಅವಳ ಪಾಡಿಗೆ ಬಿಟ್ಟಿದ್ದರೆ? ಈ ಪ್ರಶ್ನೆಗೆ ನಾಲ್ಕು ಆಯ್ಕೆಗಳೂ ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ, ತಡೆಯಲಾರದೆ ಅವರ ಮನೆಗೆ ಹೋದೆ. ಶಾಹಿದಾ ಬಾಗಿಲಲ್ಲೇ ಬೆಳಕಿಗೆ ಕುಳಿತು ಕಣ್ಣು ಬರೆಯುತ್ತಿದ್ದರು. ಅವರ ಎದುರು ನೆಲದಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಕಾವ್ಯಳ ಕತೆ, ಖಾಲಿ ಸಾಲು, ಬಸ್ಸಿನಲ್ಲಿ ಹೇಳಿದ ಸುಳ್ಳು. "ತಪ್ಪಾಗಿದ್ರೆ ಅದು ನನ್ನಿಂದ," ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಹಲಗೆಯನ್ನು ನನ್ನ ಕಡೆ ಎಳೆದರು. ಗೊಂಬೆ ಒಣಗಿಸುವ ಹಲಗೆ ಅದು. ಸಾಲಿಗೆ ಹತ್ತರಂತೆ, ಮೊನೆ ಮೇಲೆ ಬರುವಂತೆ ತಲೆಕೆಳಗಾಗಿ ಹೊಡೆದ ಮೊಳೆಗಳು, ಪ್ರತಿ ಮೊಳೆಗೂ ಸಿಕ್ಕಿಸಿದ ಒಂದು ಗೊಂಬೆ. ನಡುವೆ ಎರಡು ಮೊಳೆ ಮಾತ್ರ ಖಾಲಿ ಇದ್ದವು.

"ಇಲ್ಲಿ ಯಾಕೆ ಖಾಲಿ ಹೇಳಿ?"

"ಗೊಂಬೆ ಕೆಟ್ಟಿರ್ಬೇಕು."

"ಹೂಂ. ಕೆಟ್ಟಿದ್ದು ತೆಗ್ದು ಪಕ್ಕಕ್ಕಿಟ್ಟೆ. ಅಂತ ಮುಂದಿಂದೆಲ್ಲ ಎಳ್ದು ಆ ಮೊಳೆಗೆ ಹಾಕ್ತೀನಾ? ಬಣ್ಣ ಹಸಿ ಇರ್ತೈತೆ, ಮುಟ್ಟಿದ್ರೆ ಎಲ್ಲಾ ಹೋಯ್ತು. ಖಾಲಿ ಮೊಳೆ ಖಾಲೀನೇ. ಇವಳು ನಾಕು ವರ್ಸದ ಮಗು ಆಗಿದ್ದಾಗಿಂದ ಈ ಹಲಗೆ ಮುಂದೆ ಕೂತವಳು ಮಿಸ್. ಜಾಗ ಸರಿಸಾಕಿಲ್ಲ."

ಒಳಕೋಣೆಯ ಪರದೆ ಅಲುಗಿತು. ಜೀನತ್ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕರೆದರೆ ಬರಲಿಲ್ಲ. ಮನೆಗೆ ಮರಳುವಾಗ ನನಗೆ ಒಂದಿಷ್ಟು ಧೈರ್ಯ ಬಂದಿತ್ತು, ನಿಜ. ಆದರೆ ಆ ಹಲಗೆಯ ಮುಂದೆ ಅವಳು ಒಂದು ತಿಂಗಳು ಕುಂಚ ಹಿಡಿಯಕೂಡದು ಎಂದವಳು ನಾನೇ ಎಂಬುದು ನೆನಪಾಗಿ ಧೈರ್ಯ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಇನ್ನೂ ಹಲವು ವಾರ ಆ ಎಣಿಕೆಯ ಜೊತೆಗೇ ಬದುಕಿದೆ.

ಫಲಿತಾಂಶ ಬಂದ ದಿನ ಪುಟ್ಟಸ್ವಾಮಿಯವರು ತಮ್ಮ ಮೊಬೈಲಿನಲ್ಲಿ ಪಟ್ಟಿ ತೆರೆದರು. ನಾನು ನೋಡಲಾರದೆ ಕಪ್ಪು ಹಲಗೆ ಒರೆಸುತ್ತ ನಿಂತೆ. "ಮೇಡಂ, ನಂಬರ್ ಹೇಳಿ," ಎಂದರು. ಹೇಳಿದೆ. ಸ್ವಲ್ಪ ಹೊತ್ತು ಬೆರಳಿನಿಂದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದರು. ಆ ಸ್ವಲ್ಪ ಹೊತ್ತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಐತೆ ಕಣ್ರಮ್ಮ! ಜೀನತ್ ಐತೆ ಇಲ್ಲಿ!" ಎಂದರು. ನಾನು ಡಸ್ಟರ್ ಹಿಡಿದುಕೊಂಡೇ ನೆಲಕ್ಕೆ ಕುಳಿತುಬಿಟ್ಟೆ.

ವಸತಿ ಶಾಲೆಗೆ ಹೊರಡುವ ಮುಂಚೆ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಜೀನತ್ ತಾಯಿಯೊಂದಿಗೆ ಬಂದಳು. ಹೊಸ ಚಪ್ಪಲಿ ಹಾಕಿದ್ದಳು. ನಾನು ಕೈ ಕಟ್ಟಿಕೊಂಡು ದೂರದಲ್ಲೇ ನಿಂತು ಮೆಲ್ಲಗೆ ಕೇಳಿದೆ, "ಐವತ್ತೇಳರ ಸಾಲು ಏನ್ ಮಾಡ್ದೆ ಮಗಳೇ?"

"ಖಾಲಿ ಮೊಳೆ ಬಿಟ್ಟಂಗೆ ಬಿಟ್ಟೆ ಮಿಸ್."

"ಮತ್ತೆ ಎಂಬತ್ತನೇದು?"

ಅವಳು ತಾಯಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. "ಅದ್ರ ಉತ್ತರ ಗೊತ್ತಿತ್ತು ಮಿಸ್. ಪೆನ್ನು ಇಕ್ಕಕ್ಕೆ ಹೋದಾಗ ನಿಮ್ಮ ಮುಖ ನೆಪ್ಪಾಯ್ತು. ಸಾಲು ತಪ್ಪಿದ್ದೀನಾ ಅಂತ ಮೊದ್ಲಿಂದ ಎಣಿಸ್ದೆ. ಅಷ್ಟ್ರಲ್ಲಿ ಬೆಲ್ ಹೊಡ್ದುಬುಟ್ರು."

ನಾನು ತುಂಬಿಸಿದ ಭಯ ಆ ಮಗುವಿನಿಂದ ಒಂದು ಉತ್ತರವನ್ನು ಕಸಿದುಕೊಂಡಿತ್ತು. ಅದೃಷ್ಟಕ್ಕೆ ಒಂದೇ. ನಾನು ತೊಳೆದು ಹಾಕಲು ಹೊರಟಿದ್ದ ಆ ಮನೆಯ ಕೈಕಸುಬೇ ಉಳಿದ ಇಪ್ಪತ್ತೆರಡನ್ನು ಕಾಪಾಡಿತ್ತು.

ಆ ಹಲಗೆಗಳಲ್ಲೊಂದನ್ನು ಶಾಹಿದಾ ಅವರಿಂದ ಕೇಳಿ ತಂದಿದ್ದೇನೆ. ಓಎಂಆರ್ ಹಾಳೆಯನ್ನು ಮಕ್ಕಳಿಗೆ ಪರಿಚಯಿಸುವ ಮೊದಲ ದಿನ ಅದನ್ನೇ ಮೇಜಿನ ಮೇಲಿಡುತ್ತೇನೆ. ಕಾವ್ಯಳ ಕತೆ ಹೇಳುವುದನ್ನು ಬಿಟ್ಟಿದ್ದೇನೆ. ಪರೀಕ್ಷೆಗೆ ತಯಾರು ಮಾಡುವವರು ಮಗುವಿಗೆ ಏನು ಕಲಿಸಬೇಕು ಎನ್ನುವುದಕ್ಕಿಂತ ಮುಂಚೆ, ಮಗು ಮನೆಯಿಂದ ಏನು ಕಲಿತು ಬಂದಿದೆ ಎಂದು ಕೂತು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಡಿಗ್ರಿ ಇದನ್ನು ಕಲಿಸಿರಲಿಲ್ಲ.

ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗಲೂ ಪ್ರತಿವರ್ಷ ಪರೀಕ್ಷಾ ಕೇಂದ್ರದ ಹೊರಗೆ ಅದನ್ನೇ ಹೊತ್ತು ನಿಲ್ಲುತ್ತೇನೆ. ಗಂಟೆ ಹೊಡೆದು ಮಕ್ಕಳು ಹೊರಗೆ ಬರುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ಪ್ರಶ್ನೆ ಕೇಳುತ್ತೇನೆ.

"ಹಸಿವಾಗೈತಾ?"