ಧೂಳಮ್ಮನ ಸೊಸೆಗೆ ಬಂದ ಸಾಲು

ಹುಡಗಿ ಗ್ರಾಮದ ಧೂಳಮ್ಮನಿಗೆ ಪಕ್ಷಪಾತವೆಂದರೆ ಮೈಯೆಲ್ಲ ಉರಿ. ಹೊಲದ ಕಸ ತೆಗೆಯುವ ಹೆಂಗಸರ ಗುಂಪಿಗೆ ಹದಿನೆಂಟು ವರ್ಷದಿಂದ ಆಕೆಯೇ ಮುಂದಾಳು. ಕೂಲಿ ಹೆಚ್ಚಿಸಲೆಂದು ಹುಮನಾಬಾದಿನಲ್ಲಿ ಒಂಬತ್ತು ದಿನ ಧರಣಿ ಕೂತವಳು. ಎಬ್ಬಿಸಲು ಬಂದ ಪೊಲೀಸನಿಗೆ ರೊಟ್ಟಿ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡವಳು. ಹೊಲದಲ್ಲಿ ಯಾರಿಗೆ ಯಾವ ಸಾಲು ಎಂಬುದು ಆಕೆಯ ಬಾಯಿಂದಲೇ ಬರಬೇಕು. ತಂಗಿಯಾಗಲಿ, ಗೆಳತಿ ಕುಲ್ಸುಮ್ ಬೀ ಆಗಲಿ, ಆಕೆಗೆ ಎಲ್ಲರೂ ಒಂದೇ.

ಸೊಸೆ ವರ್ಷಾ ಒಬ್ಬಳನ್ನು ಬಿಟ್ಟು. ಮನೆಯವಳಿಗೆ ಹಗುರ ಸಾಲು ಕೊಟ್ಟಳೆಂದು ಯಾರೂ ಆಡಬಾರದಲ್ಲ! ಅದಕ್ಕೇ ಕರಕಿ ಹುಲ್ಲು ಹೆಣೆದುಕೊಂಡ ಸಾಲು ದಿನವೂ ವರ್ಷಾಳಿಗೆ. ಇದನ್ನು ಧೂಳಮ್ಮ ಊರೆಲ್ಲ ಹೇಳಿಕೊಂಡು ಮೆರೆಯುತ್ತಿದ್ದಳು.

ಆ ಬೆಳಿಗ್ಗೆ ಸೋಯಾ ಹೊಲದ ಬದುವಿನ ಮೇಲೆ ವರ್ಷಾ ಚಕ್ಕಳಮಕ್ಕಳ ಹಾಕಿ ಕೂತಳು.

“ಯಾಕವ್ವ, ಕಾಲು ನೋಯಾಕತ್ತಾವೇನು?”

“ಇಲ್ರಿ ಅತ್ತಿ. ಧರಣಿ ಕುಂತೀನಿ. ನಾಳಿಂದ ಹಳ್ಳಿಖೇಡದ ಗುಂಪಿಗೆ ಹೋಗ್ತೀನಿ. ಅಲ್ಲಿ ನಾ ಯಾರ ಸೊಸಿನೂ ಅಲ್ಲ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಧೂಳಮ್ಮನ ಮುಖ ಕಪ್ಪಿಟ್ಟಿತು. ಮನೆಯವಳೇ ಬಿಟ್ಟು ನಡೆದರೆ ಉಳಿದವರು ನಿಲ್ಲುತ್ತಾರೆಯೇ? ಮುಂದಾಳುತನ ಅಲ್ಲಿಗೆ ಮುಗಿಯಿತು.

“ಪೋರಿ ಖರೇನ ಹೇಳಾಕತ್ತಾಳ,” ಎಂದಳು ಕುಲ್ಸುಮ್ ಬೀ. “ನಿನ್ನ ಹೆಸರು ಬೆಳ್ಳಗ ಇರ್ಲಿ ಅಂತ ಆಕಿ ಸೊಂಟ ಮುರೀಬೇಕೇನು?”

“ಹಂಗಾದ್ರ ಏನ್ ಮಾಡಂತಿ?”

“ಕುರಿ ಕೊಯ್ದಾಗ ಪಾಲು ಹ್ಯಾಂಗ ಹಾಕ್ತಾರ? ಹಂಗ. ನೀ ಬೆನ್ನು ತಿರುವಿ ನಿಂದ್ರು. ನಾ ಒಂದೊಂದು ಸಾಲಿನಾಗ ನಿಂತು ‘ಇದು ಯಾರಿಗೆ’ ಅಂತೀನಿ. ನೀ ಹೆಸರು ಹೇಳು.”

“ನಿಮ್ಮ ಹೆಸರೂ ಇರ್ಲಿ, ಅತ್ತಿ,” ಎಂದಳು ವರ್ಷಾ.

ಬೇವಿನ ನೆರಳಿನ ಸಾಲು ಯಾವತ್ತೂ ಮುಂದಾಳಿನದು. ಅದೂ ಪಕ್ಷಪಾತವೇ ಎಂದು ಧೂಳಮ್ಮನಿಗೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಬೆನ್ನು ತಿರುಗಿಸಿದಳು. ಈ ಸಾಬರ ಹೆಣ್ಣು ಕರಕಿ ಸಾಲನ್ನು ಕೊನೆಗೇ ಇಟ್ಟುಕೊಂಡಿರುತ್ತಾಳೆ ಎಂದು ಲೆಕ್ಕ ಹಾಕಿದಳು.

“ಇದು ಯಾರಿಗೆ?”

“ಸತ್ಯಮ್ಮಗ.”

“ಇದು?”

“ನನಗ!”

ಹೊಲ ಗೊಳ್ಳೆಂದಿತು. ತಿರುಗಿ ನೋಡಿದರೆ ಕುಲ್ಸುಮ್ ಬೀ ಮೊಣಕಾಲುದ್ದದ ಕರಕಿಯಲ್ಲಿ ನಿಂತಿದ್ದಳು.

“ಇನ್ನೊಮ್ಮೆ ಹಾಕೂಣೇನು?” ಎಂದಳು ಧೂಳಮ್ಮ, ಮೆಲ್ಲಗೆ.

ಏಳುತ್ತಿದ್ದ ವರ್ಷಾ ಮತ್ತೆ ಕೂತಳು.

ಧೂಳಮ್ಮ ಸೀರೆ ಎತ್ತಿ ಕಟ್ಟಿ, ಖುರಪಿ ಹಿಡಿದು ಕರಕಿಗೆ ಇಳಿದಳು. ಮಧ್ಯಾಹ್ನಕ್ಕೆ ಎಲ್ಲರ ಸಾಲೂ ಮುಗಿದವು. ಆಕೆಯದು ಅರ್ಧ ಉಳಿದಿತ್ತು. ಕುಲ್ಸುಮ್ ಬೀ ಕೈಜೋಡಿಸಲು ಎದ್ದಳು.

“ಕುಂದ್ರು ಅಲ್ಲೇ! ನನ್ನ ಸಾಲು ಯಾರೂ ಮುಟ್ಟಬ್ಯಾಡ್ರಿ!”

ತನ್ನ ಸಾಲು ಮುಗಿಸಿ ಬದುವಿನ ಮೇಲೆ ಕೂತಿದ್ದ ಸೊಸೆಯಂತೂ ಏಳುವ ಗೋಜಿಗೇ ಹೋಗಿರಲಿಲ್ಲ.