ಶನಿಯ ಸ್ಲೈಡಿನ ಮೇಲಿನ ಗೆರೆ

ತೊಂಬತ್ತರ ದಶಕದಲ್ಲಿ ಪುಣೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗ್ರಂಥಾಲಯದಿಂದ ಎರವಲು ತಂದ ಗಾಜಿನ ಸ್ಲೈಡುಗಳ ಸ್ಥಿತಿಯನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಆ ಸಲ ಶನಿಯ ಸ್ಲೈಡಿನ ಧೂಳನ್ನು ಸೆರಗಿನಿಂದ ದುಂಡಗೆ ಒರೆಸಿ, ಪ್ರೊಜೆಕ್ಟರಿನಲ್ಲಿಟ್ಟು ಗೋಡೆಯ ಮೇಲೆ ಬಿಟ್ಟೆ. ಉಂಗುರದ ಹೊರ ಅಂಚಿನ ಬಳಿ ಕೂದಲೆಳೆಯಂಥ ಕಪ್ಪು ಗೆರೆಯೊಂದು ಸುತ್ತಿಕೊಂಡಿತ್ತು. ಗೀರು ಬಿತ್ತೇ? ಒರೆಸಿದ ನನ್ನ ಕೈಯೂ ಹಾಗೇ ಸುತ್ತು ತಿರುಗಿತ್ತಲ್ಲ!

ಸ್ಲೈಡು ಕೆಡಿಸಿದ ಶಾಲೆಗೆ ಗ್ರಂಥಾಲಯದವರು ಮತ್ತೆ ಕೊಡುತ್ತಿರಲಿಲ್ಲ. ಬಿ.ಎಸ್ಸಿ. ಓದಿದವಳು ಸೆರಗಿನಿಂದ ಗಾಜು ಒರೆಸಿದೆ ಎಂದು ಹೇಗೆ ಹೇಳಲಿ? ಆದರೂ ಸ್ಲೈಡು ಹಿಡಿದು ಗ್ರಂಥಾಲಯದ ಬಸ್ಸು ಹತ್ತಿದೆ.

ಕೌಂಟರಿನಲ್ಲಿ ಹೊಸಬರೊಬ್ಬರು ಕೂತಿದ್ದರು. ಮರಾಠಿಯಲ್ಲಿ ತಡವರಿಸುತ್ತ ತಪ್ಪೊಪ್ಪಿಕೊಂಡೆ. ನೋಟುಬುಕ್ಕಿನ ಕನ್ನಡ ಕಂಡು ಅವರು, "ಧಾರವಾಡದವರೇನ್ರಿ?" ಎನ್ನುತ್ತ ಸ್ಲೈಡನ್ನು ಬೆಳಕಿಗೆ ಹಿಡಿದರು.

"ಇದು ಗೀರಲ್ರಿ ಬಾಯಾರ, ಉಂಗುರದಾಗಿನ ಸಂದಿ. ಅದರಾಗ ಒಂದು ಸಣ್ಣ ಚಂದ್ರ ಓಡಾಡ್ತದ. ದಾರಿಯಾಗಿನ ಮಂಜುಗಡ್ಡಿ ಚೂರೆಲ್ಲಾ ಆಚೀಚೆ ಸರಿಸಿ ಜಾಗಾ ಖಾಲಿ ಇಟ್ಟದ."

"ಹಂಗಾರ ನಾ ಒರಸಿದ್ದು?"

"ಒರಸಿದ್ದಕ್ಕ ನಿಮಗ ಕಂಡದ್ರಿ. ಆದ್ರ ಇನ್ನೊಮ್ಮೆ ಸೆರಗು ಹಚ್ಚಬ್ಯಾಡ್ರಿ."

ನೋಟುಬುಕ್ಕಿನಲ್ಲಿ 'ಗೀರು: ನನ್ನಿಂದ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 'ಚಂದ್ರನಿಂದ' ಎಂದು ತಿದ್ದಿದೆ. ಸೆರಗಿನ ವಿಷಯ ಮಾತ್ರ ಇಂದಿನವರೆಗೆ ಎಲ್ಲಿಯೂ ದಾಖಲಾಗಿರಲಿಲ್ಲ.