ಬಲಬದಿಗೆ ಪಿನ್ ಹೊಡೆದ ಊರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಕಟ್ಟಡ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು. ಹೊಳೆದಂಡೆಯ ತಮ್ಮ ಹಳ್ಳಿಯ ಮತ್ತು ಅದರ ಶಾಲೆಯ ಇತಿಹಾಸ ಬರೆದಿದ್ದರು. ಶಾಲೆಯಲ್ಲಿ ಉಳಿದಿದ್ದವರು ಹತ್ತೊಂಬತ್ತು ಮಕ್ಕಳು. ಅದನ್ನು ಮುಚ್ಚಲು ಅಲ್ಲಿನ ಶಿಕ್ಷಣ ಕಚೇರಿ ಹೊರಟಿತ್ತು; ಅದಕ್ಕೆ ಮೊದಲು ಊರಿನವರ ಅಭಿಪ್ರಾಯ ಕೇಳಲು ಸಭೆ ಕರೆದಿತ್ತು. ಆ ಸಭೆಯಲ್ಲಿ ಪುಸ್ತಕ ಹಂಚಿದರೆ ಶಾಲೆ ಉಳಿದೀತು ಎಂಬುದು ಅವರ ನಂಬಿಕೆ. ಟೈಪ್ ಮಾಡಿದ್ದು ನಾನು.

ಇತಿಹಾಸವೆಂದರೆ ಇಷ್ಟು: ಒಬ್ಬ ಪಾದ್ರಿ ದನದ ಕೊಟ್ಟಿಗೆಯಲ್ಲಿ ಶಾಲೆ ತೆರೆದ. ಹೊಳೆ ಮೂರು ಸಲ ಒಳಗೆ ಬಂತು, ಇನ್‌ಸ್ಪೆಕ್ಟರ್ ಎರಡೇ ಸಲ. ಸೇಬು ಕೀಳುವ ತಿಂಗಳಲ್ಲಿ ಮಕ್ಕಳು ಬರುತ್ತಿರಲಿಲ್ಲ, ಹೆಡ್‌ಮಾಸ್ತರರೂ ಬರುತ್ತಿರಲಿಲ್ಲ. ಹೊಳೆಯ ಫೋಟೊ ನೋಡಿದೆ. ನಮ್ಮ ಗದಗಿನ ಕಡೆ ಅದಕ್ಕೆ ಹಳ್ಳ ಅನ್ನುತ್ತೇವೆ, ಪ್ಯಾಂಟು ಮಡಚಿ ದಾಟುತ್ತೇವೆ.

ದುಬೈನ ಅಲ್ ಕೂಜ್‌ನಲ್ಲಿದ್ದ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಫೋರ್ಮನ್ ಉಡುಪಿ ಕಡೆಯವರು. ಬಿಡಿ ಹಾಳೆಗಳನ್ನು ಒಂದೊಂದಾಗಿ ಓದಿ, ಸರಿ ಇದೆ ಎಂದು ಸಹಿ ಹಾಕಿದೆ. ಪುಸ್ತಕದ ಕಟ್ಟುಗಳು ಬಂದದ್ದು ಮ್ಯಾನೇಜರ್ ಸಭೆಗೆಂದು ವಿಮಾನ ಹತ್ತುವ ದಿನ ಬೆಳಿಗ್ಗೆ. ಆ ಪ್ರೆಸ್ಸಿಗೆ ವರ್ಷವಿಡೀ ಅರಬ್ಬಿ ಪುಸ್ತಕಗಳದ್ದೇ ಕೆಲಸ. ಕೈರೂಢಿಯಂತೆ ಬಲಬದಿಗೆ ಪಿನ್ ಹೊಡೆದಿದ್ದರು. ಇಂಗ್ಲಿಷ್ ಪುಸ್ತಕ ತೆರೆಯುವಂತೆ ತೆರೆದರೆ ಮೊದಲು ಸಿಗುವುದು ಕೊನೆಯ ಪುಟ, ಇಂದಿನ ಹತ್ತೊಂಬತ್ತು ಮಕ್ಕಳು. ಪುಟ ತಿರುಗಿಸಿದಂತೆ ಮಕ್ಕಳು ಹೆಚ್ಚುತ್ತಾರೆ, ಹೊಳೆ ಮೊದಲು ಇಳಿದು ಆಮೇಲೆ ಏರುತ್ತದೆ, ಕೊನೆಗೆ ಶಾಲೆ ಹೋಗಿ ಕೊಟ್ಟಿಗೆ ಉಳಿಯುತ್ತದೆ.

ಫೋರ್ಮನ್ನರಿಗೆ ಫೋನ್ ಮಾಡಿದೆ.

"ಏನ್ರೀ ಇದು, ಉಲ್ಟಾ ಪಿನ್ ಹೊಡದೀರಲ್ರೀ!"

"ಉಲ್ಟಾ ಎಂತದು ಮಾರಾಯ್ರೆ? ಇಲ್ಲಿ ಎಲ್ಲ ಪುಸ್ತಕವೂ ಹೀಗೆಯೇ. ನಿಮ್ಮದೇ ಸಹಿ ಉಂಟಲ್ಲ?"

"ಸಹಿ ಹಾಳಿಗೆ ಹಾಕೇನ್ರಿ, ಪಿನ್ನಿಗಲ್ಲ."

"ಹಾಗಾದ್ರೆ ಆಚೆ ಕಡೆಯಿಂದ ಓದ್ಲಿಕ್ಕೆ ಹೇಳಿ ಸಾಹೇಬ್ರಿಗೆ. ಖಲಾಸ್."

ಮ್ಯಾನೇಜರಿಗೆ ಹಾಗೆಯೇ ತಿಳಿಸಿದೆ. ಅವರು ಬೈಯಲಿಲ್ಲ. ಸಭೆ ಮರುದಿನವೇ ಇತ್ತು; ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದರು.

ಹತ್ತು ದಿನಗಳ ನಂತರ ಮರಳಿದರು. "ಸಭೆಯ ಅಧ್ಯಕ್ಷ ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದ, ಎಲ್ಲರೂ ನಕ್ಕರು. ಆಮೇಲೆ ಶಾಲೆಯ ಮಾತೇ ಬರಲಿಲ್ಲ. ಮುಚ್ಚುತ್ತಾರೆ. ನೀವು ಸಹಿ ಹಾಕಿದ್ದಿರಿ, ಅಲ್ಲವೇ?" ಎಂದು, ಶಿಕ್ಷಣ ಕಚೇರಿಯಿಂದ ಕೈಗೆ ಬಂದಿದ್ದ ನಿರ್ಧಾರದ ಪತ್ರವನ್ನು ಫೈಲಿಗೆ ಹಾಕಲು ಕೊಟ್ಟರು.

ಯಾವ ಪತ್ರ ಬಂದರೂ ನಾನು ಮೊದಲು ನೋಡುವುದು ದಿನಾಂಕ. ಅದು ಸಭೆಗಿಂತ ಆರು ದಿನ ಮುಂಚಿನದು. ಸಭೆಯ ಅಭಿಪ್ರಾಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಮುಚ್ಚಲು ತೀರ್ಮಾನಿಸಲಾಗಿದೆ ಎಂದು ಕೆಳಗಿತ್ತು. ಅದನ್ನು ಟೈಪ್ ಮಾಡಿದ ದಿನ ಪುಸ್ತಕಗಳು ಇನ್ನೂ ಅಲ್ ಕೂಜ್‌ನಲ್ಲಿ ಬಿಡಿ ಹಾಳೆಗಳಾಗಿ ಬಿದ್ದಿದ್ದವು.

ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ನನ್ನ ಕುರ್ಚಿಯ ಪಕ್ಕ ಬಂದು ನಿಂತು, "ಉತ್ತರ ಬರೆಯೋಣ" ಎಂದರು. ಹೇಳಿದ ಮೊದಲ ಶಬ್ದವೇ ಬೈಗುಳ.

"ಇದನ್ನೂ ಟೈಪ್ ಮಾಡಲೇ, ಸರ್?"

"ದೊಡ್ಡ ಅಕ್ಷರದಲ್ಲಿ" ಎಂದರು.